ಬಾಜಾವಾಡಿಗೆ ಕಲ್ಲು ನೆಟ್ಟ ಬೇಸಿಗೆ

ಕಳೆದ ತಿಂಗಳು ತಾಂಡೂರಿನಲ್ಲಿ ಬಸ್ಸು ಬದಲಿಸಿ, ಬಶೀರಾಬಾದ್ ದಾಟಿ ರಾಜ್ಯದ ಗಡಿ ಕಡೆ ಹೋಗುತ್ತಿದ್ದೆ. ಸೀಟಿಗೆ ಬೆನ್ನು ಕೊಟ್ಟು, ಬಾಯಿ ತೆರೆದು, ಪಕ್ಕದವರ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ಗಡದ್ದಾಗಿ ನಿದ್ದೆ ಮಾಡುತ್ತಿದ್ದವನನ್ನು ಒಂದು ವಾಸನೆ ಎಬ್ಬಿಸಿತು. ಹಲಗಿಯ ಚರ್ಮವನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಸುವಾಗ ಬರುವ ವಾಸನೆ. ಮೂಗು ಮೊದಲು ಎದ್ದಿತು, ನಾನು ಆಮೇಲೆ ಎದ್ದೆ. ಅಷ್ಟರಲ್ಲಿ ಕಂಡಕ್ಟರ್ ಕೂಗಿದ: "ಬಾಜಾವಾಡಿ, ಬಾಜಾವಾಡಿ! ಇಳಿಯೋರು ಲಗೂ ಇಳೀರಿ!"

ಇಳಿದೆ. ಮೂರು ರಸ್ತೆ ಕೂಡುವ ಜಾಗ. ಎರಡೂ ಬದಿಗೆ ಬ್ಯಾಂಡಿನವರ ಅಂಗಡಿಗಳು, ಬಾಸಿಂಗ ಮಾರುವವರು, ಲಗ್ನಪತ್ರಿಕೆ ಅಚ್ಚು ಹಾಕುವವನು, ಬಾಜಾದವರ ಕೆಂಪು ಕೋಟು ಹೊಲಿಯುವ ದರ್ಜಿ, ಎರಡು ಚಹಾದಂಗಡಿ, ಒಂದು ಪಂಕ್ಚರ್ ಅಂಗಡಿ. ಗಡಿಯ ಆಚೆಯವರಾಗಲಿ ಈಚೆಯವರಾಗಲಿ, ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಮೊದಲು ಇಲ್ಲಿಗೇ ಬರುತ್ತಾರೆ. ನಡುವೆ, ಕಟ್ಟೆಯ ಮೇಲೆ, ಅರಿಶಿನ ಕುಂಕುಮ ಬಳಿದುಕೊಂಡ ಒಂದು ಗಿಡ್ಡ ಕಲ್ಲು.

ಚಹಾದಂಗಡಿಯವ ನನ್ನ ನೋಡಿದವನೇ ಗಂಟಲು ಎತ್ತರಿಸಿದ. "ಬಂದ್ಯಾ ಸಿದ್ದ್ಯಾ? ಮೊದ್ಲ ಕಲ್ಲಿಗಿ ಕೈ ಮುಗಿ. ಅದಕ್ಕ ನಿನ್ನ ಮ್ಯಾಲ ಇನ್ನಾ ಸಿಟ್ಟದ."

ಸಿಟ್ಟು ಇರಬೇಕಾದದ್ದೇ. ಈ ಊರು ಹುಟ್ಟಿದ ಬೇಸಿಗೆಯಲ್ಲಿ ನಾನು ಇಲ್ಲೇ ಇದ್ದೆ, ಇಪ್ಪತ್ತೆರಡು ವರ್ಷದ ಹೋರಿ. ಊರು ಕಟ್ಟುವುದಕ್ಕೆ ಉಳಿದವರೆಲ್ಲ ಕಲ್ಲು ಹೊತ್ತರು, ಮಣ್ಣು ಕಲಸಿದರು. ಅದು ಹುಟ್ಟದ ಹಾಗೆ ನೋಡಿಕೊಳ್ಳುವ ಕೆಲಸವನ್ನು ನಾನೊಬ್ಬನೇ, ಯಾರ ಸಹಾಯವೂ ಇಲ್ಲದೆ, ಮಾಡಿದೆ.

ನಮ್ಮದು ತಿರುಗುವ ಬಾಜಾ. ನಾಗಪ್ಪ ಕಾಕಾ, ಅಂದರೆ ನಮ್ಮಪ್ಪನ ತಮ್ಮ, ಕ್ಲಾರಿನೆಟ್ ಊದುತ್ತಿದ್ದ. ಮೇಳಕ್ಕೆ ಅವನೇ ಹಿರಿಯ. ಖಾಜಾ ಭಾಯಿ ದೊಡ್ಡ ಡೋಲು ಬಾರಿಸುತ್ತಿದ್ದ, ಟೆಂಪೊನೂ ಅವನೇ ಓಡಿಸುತ್ತಿದ್ದ. ಎರಡನ್ನೂ ಒಂದೇ ಜೋರಿನಲ್ಲಿ. ಹಲಗಿ, ಸಂಬಾಳ, ತುತೂರಿ ಎಂದು ಹನ್ನೊಂದು ಮನೆತನ. ಮದುವೆಯ ಹಂಗಾಮು ಬಂತೆಂದರೆ ಹೆಂಡಿರು, ಮಕ್ಕಳು, ಪಾತ್ರೆ, ಕೋಳಿ ಎಲ್ಲವನ್ನೂ ಟೆಂಪೊದಲ್ಲಿ ತುಂಬಿಕೊಂಡು ನಾರಾಯಣಖೇಡ, ಜಹೀರಾಬಾದ್, ತಾಂಡೂರು, ಮತ್ತೆ ಆ ಕಡೆ ಸೇಡಂ ಎಂದು ತಿರುಗುತ್ತಿದ್ದೆವು. ಕಲ್ಹೇರಿನಲ್ಲಿ ಎರಡೆಕರೆ ಹೊಲ ಮಾಡಿಕೊಂಡಿದ್ದ ನಮ್ಮಪ್ಪ, ನಾನು ಬಿತ್ತಿದ ಸಾಲುಗಳು ಹಾವು ಹರಿದಂತೆ ಹೋಗುವುದನ್ನು ನೋಡಿ, "ಇಂವ ಒಕ್ಕಲುತನಕ್ಕ ಬರೂದಿಲ್ಲ, ನಿನ್ನ ಬಾಜಾಕ್ಕರೆ ಬರ್ತಾನೇನು ನೋಡು" ಎಂದು ನನ್ನನ್ನು ತಮ್ಮನ ಕೈಗೆ ದಾಟಿಸಿದ್ದ.

ಬಾಜಾಕ್ಕೂ ಬರಲಿಲ್ಲ. ನನಗೆ ಝಾಂಜು ಕೊಟ್ಟರು. ಎರಡು ಹಿತ್ತಾಳೆ ತಟ್ಟೆ ಒಂದಕ್ಕೊಂದು ಬಡಿಯುವುದು, ಅಷ್ಟೇ. ಎಲ್ಲರೂ ಹೊಡೆದ ಮೇಲೆ ನನ್ನದು ಒಂದು ಏಟು ತಡವಾಗಿ ಬರುತ್ತಿತ್ತು, ಊರಿಗೆಲ್ಲ ಬಾಗಿಲು ಹಾಕಿದ ಮೇಲೆ ಬರುವ ನೆಂಟನ ಹಾಗೆ. ಒಮ್ಮೆ ನಾರಾಯಣಖೇಡದ ಚೌಕದಲ್ಲಿ ಎರಡು ಮೆರವಣಿಗೆ ಎದುರಾದವು. ನಾನು ಕಣ್ಣು ಮುಚ್ಚಿ ತನ್ಮಯನಾಗಿ ಬಾರಿಸುತ್ತಾ ಇನ್ನೊಂದು ಮೆರವಣಿಗೆಯ ಹಿಂದೆ ಹೋಗಿಬಿಟ್ಟೆ. ಅವರ ಮನೆಯಲ್ಲಿ ಹೋಳಿಗೆ ಉಂಡು, ಎಲೆ ಹಾಕಿಕೊಂಡು, "ಕಾಕಾ ಎಲ್ಲಿ?" ಎಂದು ಕೇಳಿದಾಗಲೇ ನನಗೂ ಅವರಿಗೂ ಗೊತ್ತಾದದ್ದು. ಅಂದಿನಿಂದ ಝಾಂಜಿನ ಜೊತೆಗೆ ಕಾಕಾ ನನಗೆ ಸುಪಾರಿ ಪುಸ್ತಕವನ್ನೂ ಕೊಟ್ಟ. "ಬಾರಸಾಕ ಬರೂದಿಲ್ಲ, ಬರಿಯಾಕರೆ ಬರ್ತದಲ್ಲ" ಎಂದ.

ಈ ಪುಸ್ತಕದ ವಿಷಯ ಹೇಳಲೇಬೇಕು. ಮದುವೆಯವರು ಐದು ವೀಳ್ಯದೆಲೆ, ಒಂದು ಅಡಿಕೆ ತಂದು ಕೊಟ್ಟು ದಿನ ಹೇಳುತ್ತಾರೆ. ನಾನು ಆ ದಿನದ ಹಾಳೆಯಲ್ಲಿ ಅವರ ಹೆಸರು ಬರೆಯುತ್ತೇನೆ. ಅಡಿಕೆಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಕಾಕಾನ ಕ್ಲಾರಿನೆಟ್ಟಿಗೆ ಕಟ್ಟುತ್ತೇನೆ. ಆ ಮದುವೆ ಮುಗಿದ ಮೇಲೆಯೇ ಗಂಟು ಬಿಚ್ಚುವುದು. ಹಂಗಾಮಿನಲ್ಲಿ ಕ್ಲಾರಿನೆಟ್ ನೋಡಿದರೆ ಬಾಳೆಗೊನೆ ಹಾಗೆ ಕಾಣುತ್ತಿತ್ತು. ಒಮ್ಮೆ ಕಟ್ಟಿದ ಅಡಿಕೆಯನ್ನು ವಾಪಸು ಕೊಟ್ಟದ್ದು ಕಾಕಾನ ಕಾಲದಲ್ಲೂ ಇಲ್ಲ, ಅವನ ಅಪ್ಪನ ಕಾಲದಲ್ಲೂ ಇಲ್ಲ. ಜ್ವರದಲ್ಲಿ ಎರಡು ಕಂಬಳಿ ಹೊದ್ದು ಊದಿದ್ದಾನೆ ನಮ್ಮ ಕಾಕಾ.

ಒಳ್ಳೆಯ ದಿನಗಳೆಲ್ಲ ಹೀಗೆ ಊರವರಿಗೆ ಹೋಗುವುದರಿಂದ ನಮ್ಮ ಮನೆಗಳ ಮದುವೆ ನಡೆಯುತ್ತಿದ್ದದ್ದು ಆಷಾಢದಲ್ಲಿ. ಯಾರೂ ಮದುವೆಯಾಗದ ತಿಂಗಳಲ್ಲಿ ನಾವು ಮದುವೆಯಾಗುತ್ತಿದ್ದೆವು. ಅದೂ ಬಾಜಾ ಇಲ್ಲದೆ. ತನ್ನ ಮನೆಯ ಮಂಗಳ ಕಾರ್ಯಕ್ಕೆ ತಾನೇ ಬಾರಿಸಬಾರದು ಎಂಬುದು ನಮ್ಮವರ ಕಟ್ಟಳೆ. ಬಾರಿಸುವವ ಚಪ್ಪರದ ಹೊರಗೆ ನಿಲ್ಲಬೇಕು, ಮನೆಯವ ಒಳಗೆ ನಿಲ್ಲಬೇಕು, ಒಬ್ಬನೇ ಎರಡೂ ಕಡೆ ಹೇಗೆ ನಿಂತಾನು? ಕಾಕಾನ ಹೆಂಡತಿ ಶಾಂತಾ ಕಾಕಿ ಇದನ್ನು ವಾರಕ್ಕೆರಡು ಸಲ ಆಡಿ ತೋರಿಸುತ್ತಿದ್ದಳು. "ಊರ ಮಂದಿಗೆಲ್ಲಾ ಇಂವ ಊದ್ಯಾನ. ನನ್ನ ಮದಿವಿ ಅಕ್ಕಿಕಾಳಿನಾಗ ಊದಿದ್ದು ಮಳಿಗಾಳಿ ಒಂದೇ."

ಈ ಬಾಜಾದವರಿಗೆ ಬಾಡಿಗೆಗೆ ಮನೆ ಕೊಡುವವರು ಯಾರೂ ಇರಲಿಲ್ಲ. ಕೊಟ್ಟರೂ ಮೂರನೆಯ ದಿನ ತಾಲೀಮು ಕೇಳಿ ಬಿಡಿಸುತ್ತಿದ್ದರು. ತಾಂಡೂರಿನಲ್ಲಿ ಒಬ್ಬ ಮನೆ ಮಾಲಕ, "ಬಾಕಿಯವರು ಬಾರಸಲಿ, ಆ ಝಾಂಜಿನವ ಒಬ್ಬ ಬ್ಯಾಡ" ಎಂದಿದ್ದ. ಕೊನೆಗೆ ಬಶೀರಾಬಾದಿನ ಆಚೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ತೆಗೆದು ಬರಿದಾಗಿದ್ದ ಒಂದು ಗಣಿಯ ಮಗ್ಗುಲಲ್ಲಿ, ಬೆಳೆಗೆ ಬಾರದ ನೆಲವನ್ನು ಹನ್ನೊಂದು ಮನೆಯವರೂ ಸೇರಿ ಕೊಂಡರು. ಬಿದ್ದಿದ್ದ ಒಡಕು ಫರಸಿಗಳನ್ನೇ ನಿಲ್ಲಿಸಿ ಗೋಡೆ ಮಾಡಿದೆವು. ಅಲ್ಲಿ ತುತೂರಿ ಊದಿದರೆ ಗಣಿಯೇ ತಿರುಗಿ ಊದುತ್ತಿತ್ತು. ಬೈಯುವವರಿಲ್ಲ. ಸ್ವರ್ಗ.

ಆದರೆ ಬಸ್ಸು ನಿಲ್ಲುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಊರು ಯಾವುದೆಂದು ಕೇಳಿದರೆ ಹೇಳಲು ಹೆಸರಿರಲಿಲ್ಲ. ಎರಡು ಚಳಿಗಾಲ ಕಳೆಯುವ ಹೊತ್ತಿಗೆ ಮೂರು ಮನೆಯವರು ಪಾತ್ರೆ ಕಟ್ಟತೊಡಗಿದರು. ಜಹೀರಾಬಾದಿಗೆ ಹೋಗುತ್ತೇವೆ, ಅಲ್ಲಿ ಬೈದರೂ ಮಂದಿ ಇದ್ದಾರೆ ಎಂದರು. ಆಗ ಕಾಕಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಡುವೆ ನಿಂತಳು.

"ಬೊಡ್ರಾಯಿ ನಡಬೇಕು. ಕಲ್ಲ ನಡೂತನಕ ಇದು ಊರಲ್ಲ, ಬಿಡಾರ. ಬಿಡಾರದಾಗ ಯಾಂವ ಇರ್ತಾನ?"

ಬೊಡ್ರಾಯಿ ಅಂದರೆ ಊರಿನ ಹೊಕ್ಕುಳ ಕಲ್ಲು. ನಮ್ಮ ಕಡೆ ಪ್ರತಿ ಊರಿನ ನಡುವೆ ಒಂದಿರುತ್ತದೆ. ಅದನ್ನು ನೆಡುವ ಬೆಳಿಗ್ಗೆ ಊರಿನ ಎಲ್ಲೆಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಕಲ್ಲು ನೆಟ್ಟು, ಎಲ್ಲೆಯ ಸುತ್ತ ಅನ್ನದ ಚರಗ ಚೆಲ್ಲುವ ತನಕ ಒಳಗಿದ್ದವರು ಹೊರಗೆ ಹೋಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಒಂದೇ ಒಂದು ಮನೆಯ ಯಜಮಾನ ಹೊರಗುಳಿದರೂ ಕಲ್ಲು ಕೂರುವುದಿಲ್ಲ. ಆ ಹೊತ್ತಿಗೆ ಒಳಗೆ ಯಾರಿದ್ದಾರೋ ಅವರೇ ಊರಿನವರು.

ಬಶೀರಾಬಾದಿನಿಂದ ಐನೋರು ಪಂಚಾಂಗ ಹಿಡಿದುಕೊಂಡು ಬಂದರು. ಕಾಕಾ ರೂಢಿಯಂತೆ, "ಆಷಾಢದಾಗ ಒಂದ್ ದಿನ ನೋಡ್ರಿ" ಎಂದ. ಕಾಕಿ ತಟ್ಟನೆ ಎದ್ದಳು.

"ಆಷಾಢ ಅಂದ್ರ ನಾ ಇಲ್ಲಿ ಇರೂದಿಲ್ಲ ನೋಡ್ರಿ. ಒಮ್ಮೆರೆ ನಮಗೂ ಒಂದ್ ಚಲೋ ದಿನ ಕೊಡ್ರಿ ಐನೋರ. ಎಲ್ಲಾ ಮಂದಿಗೆ ಕೊಡ್ತೀರಲ್ಲ, ಅಂಥಾದ್ದು."

ಐನೋರು ಕನ್ನಡಕ ಏರಿಸಿ, ಇಳಿಸಿ, ವೈಶಾಖದ ಒಂದು ಸೋಮವಾರ ಕೊಟ್ಟರು. ಇಂಥ ದಿನ ಇಡೀ ಹಂಗಾಮಿನಲ್ಲಿ ಇನ್ನೊಂದಿಲ್ಲ ಎಂದರು. ನಾನು ಅವರಿಗೆ ಬಿಸಿಲು ತಾಗದ ಹಾಗೆ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನ್ನ ಎರಡೂ ಕಿವಿಯಿಂದ ಕೇಳಿದೆ.

ನಾಲ್ಕು ದಿನದ ಮೇಲೆ ಜಹೀರಾಬಾದಿನಿಂದ ಬಸಣ್ಣ ಸಾಹುಕಾರರು ಬಂದರು. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯವರು, ಹೆಣ್ಣಿನ ತಂದೆ. ಮಗಳನ್ನು ಗಡಿಯಾಚೆಯ ಒಂದು ಹಳ್ಳಿಗೆ ಕೊಡುತ್ತಿದ್ದರು. ಕಾಕಾ ಮನೆಯಲ್ಲಿರಲಿಲ್ಲ. ಅವರು ಹೇಳಿದ ದಿನದ ಹಾಳೆ ತೆರೆದೆ. ಬೆಳ್ಳಗೆ, ಖಾಲಿ ಇತ್ತು.

"ನಿಮ್ಮ ನಸೀಬ್ ಚಲೋ ಅದ್ರಿ ಸಾವಕಾರ್ರ! ಇಂಥಾ ದಿನ ಖಾಲಿ ಸಿಗೂದಿಲ್ಲ" ಎಂದೆ. ಅಡಿಕೆ ತೆಗೆದುಕೊಂಡೆ. ಗಟ್ಟಿಯಾಗಿ, ಎರಡು ಗಂಟು ಹಾಕಿ, ಕಟ್ಟಿದೆ.

ಹಾಳೆ ಖಾಲಿ ಇದ್ದದ್ದು ಯಾಕೆ ಎಂದರೆ ಆ ಪುಸ್ತಕದಲ್ಲಿ ನಮ್ಮ ಸ್ವಂತ ಕಾರ್ಯ ಬರೆದ ರೂಢಿಯೇ ಇರಲಿಲ್ಲ. ಕಾಕಾನ ಅಪ್ಪನ ಕಾಲದಿಂದ ಅದರಲ್ಲಿ ಬೇರೆಯವರ ಹೆಸರೇ. ಬಾಜಾದವರಿಗೆ ಒಳ್ಳೆಯ ದಿನವೂ ಇರಬಹುದು ಎಂದು ಪುಸ್ತಕಕ್ಕೆ ಗೊತ್ತಿರಲಿಲ್ಲ, ಅದನ್ನು ಹಿಡಿದವನಿಗೂ ಗೊತ್ತಿರಲಿಲ್ಲ. ಇದು ನಾನು ಆಮೇಲೆ ಕಟ್ಟಿಕೊಂಡ ಸಮಜಾಯಿಷಿ. ಕಾಕಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯಲಾರೆ.

ಆ ಬೇಸಿಗೆ ಎಂಥ ಬಿಸಿಲು! ಫರಸಿ ಗೋಡೆಗಳು ಹಂಚಿನ ಹಾಗೆ ಕಾಯುತ್ತಿದ್ದವು. ಕಾಕಿ ರೊಟ್ಟಿಯನ್ನು ಒಲೆಯ ಬದಲು ಗೋಡೆಗೇ ಬಡಿಯಬಹುದಿತ್ತು. ಆದರೂ ಎಲ್ಲರಲ್ಲೂ ಒಂದು ಹುರುಪು. ಮೂರು ಮನೆಯವರು ಕಟ್ಟಿದ ಗಂಟು ಬಿಚ್ಚಿ, "ಕಲ್ಲ ಕೂಡೂತನಕ ನೋಡ್ತೀವಿ" ಎಂದರು. ಖಾಜಾ ಭಾಯಿ ಗಣಿಯಲ್ಲೆಲ್ಲ ಹುಡುಕಿ ಒಂದು ಚಂದದ ಕಲ್ಲು ತಂದ. ಮದುವೆಯಿಂದ ಮದುವೆಗೆ ಓಡುವ ನಡುವೆ ಹೆಂಗಸರು ಕಟ್ಟೆ ಕಟ್ಟಿ ಸುಣ್ಣ ಬಳಿದರು.

ಎಂಟು ದಿನ ಇದೆ ಎನ್ನುವಾಗ ಕಾಕಿ ನನ್ನ ಕರೆದಳು. "ಸಿದ್ದೂ, ಕೊಟ್ಟ ಹೆಣ್ಮಕ್ಕಳಿಗೆಲ್ಲಾ ಫೋನ್ ಹಚ್ಚು. ಬರೂ ಸೋಮವಾರ ತವರಿಗಿ ಬರ್ರಿ ಅಂತ ಹೇಳು. ನಂಬರ್ ನಿನ್ನ ಪುಸ್ತಕದಾಗ ಅವ."

ಪುಸ್ತಕ ತೆರೆದೆ. ಬರುವ ಸೋಮವಾರದ ಹಾಳೆಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಜಹೀರಾಬಾದ್ ಬಸಣ್ಣ ಸಾಹುಕಾರರ ಮಗಳ ಮದುವೆ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಬೆವರು ಬಿಸಿಲಿನದೇ ಎಂದು ಕಾಕಿಗೆ ಹೇಳಿ ಗಣಿಯ ಹಿಂದೆ ಹೋದೆ. ಅಲ್ಲಿಂದ ಸಾಹುಕಾರರಿಗೆ ಫೋನ್ ಮಾಡಿ, ಮೂಗು ಒತ್ತಿ ಹಿಡಿದು, ಮುದುಕನ ದನಿಯಲ್ಲಿ ಹೇಳಿದೆ: "ನಿಮ್ಮ ಹಿತಕ್ಕ ಹೇಳ್ತೀನ್ರಿ. ಆ ನಾಗಪ್ಪನ ಬಾಜಾ ಚಲೋ ಇಲ್ರಿ. ಬ್ಯಾರೆದವರ್ನ ನೋಡ್ರಿ."

ಆ ಕಡೆ ಸಾಹುಕಾರರು ಒಮ್ಮೆ ಕೆಮ್ಮಿದರು. ಆಮೇಲೆ, "ಲೇ ಸಿದ್ದ್ಯಾ, ನಿನ್ನ ಹೆಸರು ನನ್ನ ಮೊಬೈಲ್ದಾಗ ಬಂದದ."

ಮೂಗು ಬಿಟ್ಟು ಫೋನ್ ಇಟ್ಟೆ. ಹೇಳದೆ ದಾರಿಯಿರಲಿಲ್ಲ. ಸಂಜೆ ಎಲ್ಲರೂ ಕಟ್ಟೆಯ ಹತ್ತಿರ ಕೂತಿದ್ದಾಗ ಎದ್ದು ನಿಂತು ಹೇಳಿಬಿಟ್ಟೆ. ಖಾಜಾ ಭಾಯಿ ಮೊದಲು ನಕ್ಕ, ನಾನು ಆಟ ಆಡುತ್ತಿದ್ದೇನೆಂದು. ನನ್ನ ಮುಖ ನೋಡಿ, "ಯಾ ಅಲ್ಲಾ" ಎಂದು ಟವಲಿನಲ್ಲಿ ಮುಖ ಮುಚ್ಚಿಕೊಂಡ.

ಕಾಕಾ ಕ್ಲಾರಿನೆಟ್ ತೆಗೆದು ಆ ಅಡಿಕೆಯ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಇದನ್ನ ಬಿಚ್ಚಾಕ ಬರೂದಿಲ್ಲ" ಎಂದ. ಯಾರೋ, ಅರ್ಧ ಮಂದಿ ಹೋಗೋಣ ಎಂದರು. ಒಬ್ಬ ಯಜಮಾನ ಹೊರಗುಳಿದರೂ ಕಲ್ಲು ಕೂರುವುದಿಲ್ಲವಲ್ಲ ಎಂದು ಇನ್ನೊಬ್ಬರು. ಆಗ ಕಾಕಾ ಇನ್ನೊಂದು ಸುದ್ದಿ ಬಿಟ್ಟ. ಕಲ್ಲಿನ ದಿನ ಬಾರಿಸಲು ಕಲ್ಹೇರಿನ ಬಾಜಾದವರನ್ನು ಕೇಳಿದ್ದನಂತೆ, ನಾರಾಯಣಖೇಡದವರನ್ನೂ ಕೇಳಿದ್ದನಂತೆ. "ಅಷ್ಟ್ ಚಲೋ ದಿನ, ಯಾರ್ ಖಾಲಿ ಇರ್ತಾರ? ಎಲ್ಲಾರೂ ಮದಿವಿ ಹಿಡದಾರ. ನಮಗ ಬಾರಸಾಕ ಯಾರೂ ಇಲ್ಲ."

ಕಾಕಿ ನನಗೆ ಬೈಯಬೇಕಿತ್ತು. ಬೈದಿದ್ದರೆ ಉಂಡು ಮಲಗುತ್ತಿದ್ದೆ. ಅವಳು ಕಟ್ಟೆಗೆ ಬಳಿದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ, "ಒಂದ ದಿನ ಕೇಳಿದ್ದೆ, ಸಿದ್ದೂ" ಎಂದಳು. ಅಷ್ಟೇ. ಮೂರು ಮನೆಯವರು ಎದ್ದು ಒಳಗೆ ಹೋದರು. ಪಾತ್ರೆ ಸದ್ದು ಮಾಡಿತು. ಅಡುಗೆಯ ಸದ್ದಲ್ಲ, ಕಟ್ಟುವ ಸದ್ದು.

ಮರುದಿನ ಮೊದಲ ಬಸ್ಸಿಗೆ ಕೈ ಮಾಡಿದೆ. ನಿಲ್ಲಲಿಲ್ಲ. ಎರಡನೆಯದರ ಮುಂದೆ ರಸ್ತೆಯಲ್ಲಿ ಮಲಗಿದೆ. ಡ್ರೈವರ್ ಬೈದು ಹತ್ತಿಸಿಕೊಂಡ.

ಜಹೀರಾಬಾದಿನ ಅಂಗಡಿಯಲ್ಲಿ ಸಾಹುಕಾರರು ಒಬ್ಬ ರೈತನಿಗೆ ಬೇರಿಂಗ್ ತೋರಿಸುತ್ತಿದ್ದರು. ಒಳಗಿನ ಮೇಜಿನ ಹಿಂದೆ ಅವರ ಮಗಳು ಸುವರ್ಣಾ, ಮದುಮಗಳು, ಕೈಗೆ ಗ್ರೀಸ್ ಮೆತ್ತಿಕೊಂಡು ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದಳು. ನಾನು ದಾರಿಯುದ್ದ ಒಂದು ಕತೆ ಕಟ್ಟಿಕೊಂಡು ಬಂದಿದ್ದೆ. ಕಾಕಾನಿಗೆ ಗಂಟಲು ಬಾವು, ಖಾಜಾ ಭಾಯಿಗೆ ಕೈ ಮುರಿದಿದೆ, ಟೆಂಪೊಕ್ಕೂ ಮೈಯಲ್ಲಿ ಹುಷಾರಿಲ್ಲ. ಹೇಳಿ ಮುಗಿಸುವ ತನಕ ಅಪ್ಪ ಮಗಳು ಇಬ್ಬರೂ ಸುಮ್ಮನೆ ಕೇಳಿದರು.

"ಈಗ ಖರೇದ್ದು ಹೇಳು" ಎಂದಳು ಸುವರ್ಣಾ.

ಹೇಳಿದೆ. ಕಲ್ಲು, ಹಗ್ಗ, ಆಷಾಢದ ಮದುವೆಗಳು, ಕಾಕಿ ಕೇಳಿದ ಒಂದು ದಿನ. ಹೇಳುತ್ತಾ ಹೇಳುತ್ತಾ ಅಳುವೇ ಬಂತು. ಬೇರಿಂಗಿನ ರೈತ ತನ್ನ ಟವಲ್ ಕೊಟ್ಟ.

ಸಾಹುಕಾರರು ಸಿಡುಕಿದರು. "ಎಂಟ್ ದಿನ ಅದ, ಈಗ ನಾ ಎಲ್ಲಿ ಬಾಜಾ ಹುಡುಕ್ಲಿ? ಬಾಜಾ ಇಲ್ದ ಮಗಳನ್ನ ಕಳಸಿದ್ರ ಬೀಗರ ಮುಂದ ನನ್ನ ಮಾರಿ ಏನಾಗ್ತದ?"

"ಅಪ್ಪಾ, ಒಂದ್ ಮಿಂಟ್" ಎಂದಳು ಸುವರ್ಣಾ. "ಏ ಸಿದ್ದಣ್ಣ, ಕಲ್ಲ ಎಷ್ಟೊತ್ತಿಗಿ ನಡ್ತೀರಿ?"

"ಒಂಬತ್ತಕ್ರಿ. ಹತ್ತಕ್ಕ ಚರಗ ಮುಗೀತದ, ಹಗ್ಗ ಬಿಚ್ತೀವಿ."

"ನನ್ನ ಅಕ್ಕಿಕಾಳು ಹನ್ನೆರಡೂವರೆಗದ. ನಮ್ಮ ಬಸ್ಸು ನಿಮ್ಮ ಮುಂದ ಹಾದೇ ಹೋಗಬೇಕು. ಬೆಳಗ್ಗಿ ಹಗ್ಗ ಕಟ್ಟೂಕಿಂತ ಮೊದ್ಲ ಒಳಗ ಬಂದು ಕೂಡ್ತೀವಿ. ನಿಮ್ಮ ಕೆಲಸ ಮುಗೀಲಿ, ಕೂಡೇ ಹೋಗೂಣು. ಅರ್ಧ ತಾಸಿನ ದಾರಿ."

"ಮದಿವಿ ಮಂದೀನ ಗಣಿಯಾಗ ಕೂಡಸ್ತಿಯೇನು?" ಎಂದರು ಸಾಹುಕಾರರು.

"ಬಿಸಲಾಗ ಬಸ್ಸಿನಾಗ ಕೂಡೂದಕ್ಕಿಂತ ಚಲೋನೇ ಆತಲ್ಲ. ನಾಷ್ಟಾ ಅಲ್ಲೇ ಆಗ್ಲಿ."

ಸಾಹುಕಾರರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. "ಗಂಟಲು ಬಾವು, ಕೈ ಮುರದದ, ಟೆಂಪೊಕ್ಕ ಜ್ವರ… ಇಷ್ಟ್ ಸುಳ್ಳ ನಿಂತ ಕಾಲಾಗ ಹೇಳ್ತಿ. ಮದಿವಿ ಮುಗದ ಮ್ಯಾಲ ನಮ್ಮ ಅಂಗಡ್ಯಾಗ ಬಂದು ಕೂಡು. ಗಿರಾಕಿಗೆ ಮಾತಾಡಾಂವ ಒಬ್ಬ ಬೇಕಾಗ್ಯಾನ." ಆ ಅಂಗಡಿಯಲ್ಲೇ ನಾನು ಈಗಲೂ ಕೂತಿರುವುದು.

ಸೋಮವಾರ ಬೆಳಿಗ್ಗೆ ಸೂರ್ಯ ಇನ್ನೂ ಕೆಂಪಗಿರುವಾಗ ಜಹೀರಾಬಾದಿನ ಬಸ್ಸು ಬಂತು. ತಾನಾಗಿಯೇ ನಮ್ಮಲ್ಲಿ ನಿಂತ ಮೊದಲ ಬಸ್ಸು. ಅರವತ್ತು ಜನ ರೇಷ್ಮೆಯಲ್ಲಿ ಇಳಿದರು. ಹನ್ನೊಂದು ಮನೆಗೆ ಹಂಚಿದೆವು. ಒಂದೊಂದು ಮನೆಯಲ್ಲಿ ಐದಾರು ನೆಂಟರು, ಮಲ್ಲಿಗೆ, ಟ್ರಂಕು. ಪಾತ್ರೆ ಕಟ್ಟಿದ್ದ ಮೂರು ಮನೆಯವರೂ ಬಂದವರಿಗೆ ಉಪ್ಪಿಟ್ಟು ಕೊಡಲು ಗಂಟು ಬಿಚ್ಚಲೇಬೇಕಾಯಿತು. ಐನೋರು ಹಗ್ಗ ಕಟ್ಟಿಸಿ, "ಇನ್ನ ಯಾರೂ ಒಳಗ ಬರೂಹಂಗಿಲ್ಲ, ಹೊರಗ ಹೋಗೂಹಂಗಿಲ್ಲ" ಎಂದು ಕೂಗಿದರು. ರಸ್ತೆಯ ಕಡೆಯ ಹಗ್ಗಕ್ಕೆ ಕಾವಲು ನಾನು. ಬಾರಿಸಲು ಬಾರದವನಿಗೆ ಅದೊಂದೇ ಕೆಲಸ ಉಳಿದಿತ್ತು.

ಎಂಟೂವರೆಗೆ ಗಡಿಯ ಕಡೆಯಿಂದ ಹೂವಿನ ಕಾರು ಬಂತು. ಇಳಿದವನು ಪೇಟ ಸುತ್ತಿದ್ದ, ಬಾಸಿಂಗ ಕೈಯಲ್ಲಿತ್ತು. ಹೆಣ್ಣಿನವರು ಇಲ್ಲಿ ಇಳಿದಿದ್ದಾರೆಂದು ಯಾರೋ ಹೇಳಿದ್ದರಂತೆ. ಗಾಬರಿಯಾಗಿ ಮದುಮಗನೇ ಓಡಿ ಬಂದಿದ್ದ.

ನಾನು ಎದೆ ಉಬ್ಬಿಸಿ ಅಡ್ಡ ನಿಂತೆ. "ಒಳಗ ಬಿಡೂದಿಲ್ರಿ."

"ಏ, ನಾ ಮದಿಮಗ ಇದೀನಿ!"

"ಯಾರರೆ ಇರ್ರಿ. ಕಲ್ಲ ಕೂಡಬೇಕು."

"ಒಳಗ ನನ್ನ ಹೆಂಡ್ತಿ ಅದಾಳಲ್ಲೋ!"

"ಇನ್ನಾ ಆಗಿಲ್ರಿ" ಎಂದೆ. ಕಾನೂನಿನ ಮಾತು.

ಒಳಗಿನಿಂದ ಸುವರ್ಣಾಳ ದನಿ ಬಂತು. "ಅಲ್ಲೇ ನಿಂದರ್ರಿ! ಹಗ್ಗ ದಾಟಿದ್ರ ನೋಡ್ರಿ ಮತ್ತ!" ಅವನು ನಿಂತ. ಇವತ್ತಿಗೂ ಅವರ ಸಂಸಾರ ಹಾಗೆಯೇ ನಡೆದಿದೆ.

ಒಂಬತ್ತಾಯಿತು. ಹನ್ನೊಂದು ಮನೆಯ ಯಜಮಾನರು ಕಲ್ಲಿಗೆ ಕೈ ಹಚ್ಚಿ ಎತ್ತಿದರು. ಕಾಕಾ ಮುಂದೆ, ಮಗ್ಗುಲಲ್ಲಿ ಕಾಕಿ, ಹೊಸ ಇಳಕಲ್ ಸೀರೆ. ಐನೋರು ಕುಣಿಯಲ್ಲಿ ನವಧಾನ್ಯ ಹಾಕಿ ತಲೆ ಎತ್ತಿದರು.

"ಬಾಜಾ?"

ಗೋಡೆಗೆ ಒರಗಿಸಿಟ್ಟ ಡೋಲು, ಹಲಗಿ, ಕ್ಲಾರಿನೆಟ್ ಎಲ್ಲ ಸುಮ್ಮನಿದ್ದವು. ಕಲ್ಲು ಹಿಡಿದವರ ತೋಳು ನಡುಗತೊಡಗಿತು. ಕಾಕಿ ನೆಲ ನೋಡುತ್ತಿದ್ದಳು. ಬಾಜಾದವರ ಊರು ಬಾಜಾ ಇಲ್ಲದೆ ಹುಟ್ಟುವುದಿತ್ತು. ಎಲ್ಲ ನನ್ನಿಂದ ಎಂದುಕೊಂಡೆ. ಈ ದಿನ ಬೇರೆ ಬಾಜಾದವರು ಖಾಲಿ ಸಿಗದ್ದು ನನ್ನಿಂದಲ್ಲ, ಆದರೂ ಹಾಗೇ ಅನಿಸಿತು.

ಆಗ ಬಳೆಗಳ ಸದ್ದು. ಸುವರ್ಣಾ ಎದ್ದು, ಅರಿಶಿನದ ಕೈಯಲ್ಲಿ ನನ್ನ ಝಾಂಜು ಎತ್ತಿಕೊಂಡಳು. "ಅಪ್ಪಾ, ಡೋಲ ತಗೋ. ಮಾವಾ, ನೀ ಆ ಪೀಪಿ ಊದು. ಕೂತೀರಿ ಏನ? ಉಪ್ಪಿಟ್ಟ ಉಂಡೀರಿಲ್ಲೋ!"

ಅರವತ್ತು ಜನ ಎದ್ದರು. ಅಂಥ ಬಾಜಾ ಗಡಿಯ ಎರಡೂ ಕಡೆ ಯಾರೂ ಕೇಳಿರಲಿಕ್ಕಿಲ್ಲ. ಸಾಹುಕಾರರು ಡೋಲನ್ನು ಕೆಟ್ಟ ಎಂಜಿನ್ ಬಡಿಯುವ ಹಾಗೆ ಬಡಿದರು. ಸೋದರಮಾವ ಕ್ಲಾರಿನೆಟ್ಟಿನಲ್ಲಿ ಎಮ್ಮೆಕರುವಿನ ದನಿ ತೆಗೆದರು. ಎಂಬತ್ತು ವರ್ಷದ ಒಬ್ಬ ಅಜ್ಜಿ ಹಲಗಿಯನ್ನು ಮೊರದ ಹಾಗೆ ಕೇರಿದಳು. ಗಣಿ ಅದೆಲ್ಲವನ್ನೂ ಇಮ್ಮಡಿ ಮಾಡಿ ವಾಪಸು ಎಸೆಯಿತು. ಹಗ್ಗದ ಹೊರಗಿನ ಮದುಮಗ ತಡೆಯಲಾರದೆ ಕಾರಿನ ಬಾನೆಟ್ ಬಾರಿಸತೊಡಗಿದ. ಇಡೀ ಮೇಳದಲ್ಲಿ ತಾಳ ಸರಿಯಿದ್ದದ್ದು ಅವನೊಬ್ಬನದೇ. ಸುವರ್ಣಾಳ ಝಾಂಜು ನನ್ನದಕ್ಕಿಂತ ತಡವಾಗಿ ಬರುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಸಮಾಧಾನ ಇನ್ನೊಮ್ಮೆ ಆಗಿಲ್ಲ.

ನಮ್ಮವರ ಪಾಡು ನೋಡಬೇಕಿತ್ತು. ಖಾಜಾ ಭಾಯಿ ಟವಲ್ ಕಚ್ಚಿ ಹಿಡಿದಿದ್ದ. ಹಲಗಿಯವರ ಬೆರಳು ತಮ್ಮ ತೊಡೆಯ ಮೇಲೆಯೇ ಸರಿಯಾದ ಏಟು ಹುಡುಕುತ್ತಿದ್ದವು. ಕಾಕಾ ಕಲ್ಲು ಇಳಿಸುತ್ತಾ ಇಳಿಸುತ್ತಾ, ಪ್ರತಿ ಏಟಿಗೂ ಯಾರೋ ಚಿವುಟಿದಂತೆ ಮುಖ ಹಿಂಡುತ್ತಿದ್ದ. ಕೊನೆಗೆ, "ತಪ್ಪು… ತಾಳ ತಪ್ಪಲಿಕತ್ತದ… ನಾ ಒಂದ್ ಸ್ವಲ್ಪ ಹೇಳಿ ಬರ್ತೀನಿ" ಎಂದು ಕೈ ತೆಗೆಯಹೋದ.

ಕಾಕಿ ಅವನ ಕೈಯನ್ನು ಕಲ್ಲಿನ ಮೇಲೆಯೇ ಒತ್ತಿ ಹಿಡಿದಳು.

"ಸುಮ್ನಿರ್ರಿ. ಇವತ್ತ ನೀವು ಬಾಜಾದವ್ರಲ್ಲ. ಊರಾನವ್ರು."

ಕಲ್ಲು ಕೂತಿತು.

ಚರಗ ಚೆಲ್ಲಿ ಬಂದ ಮೇಲೆ ಐನೋರು, ಒಳಗಿದ್ದವರೆಲ್ಲ ಊರಿನವರೇ ಎಂದು ನೆನಪಿಸಿದರು. ಕಾಕಿ ಆ ಮಾತು ಹಿಡಿದುಕೊಂಡು ಸುವರ್ಣಾಳನ್ನು ಕಟ್ಟೆಯ ಮೇಲೆ ಕೂರಿಸಿ ಉಡಿ ತುಂಬಿದಳು. "ನಮ್ಮೂರ ಮೊದಲನೇ ಮಗಳು ಹೊಂಟಾಳ" ಎಂದಳು. ಸುವರ್ಣಾ ಅಲ್ಲಿಯ ತನಕ ಅತ್ತಿರಲಿಲ್ಲ, ಆಗ ಅತ್ತಳು. ನಾನು ಹಗ್ಗ ಬಿಚ್ಚಿದೆ. ಬಿಸಿಲಿಗೆ ಬೆಂದಿದ್ದ ಮದುಮಗ ಒಳಗೆ ಬಂದು ಮೊದಲು ಕೇಳಿದ್ದು ನೀರು.

ಬಸ್ಸು ಮುಂದೆ ಹೋಯಿತು. ನಾವು ಬಾಜಾದವರು ಟೆಂಪೊ ಹತ್ತಿ ಕೂತೆವು. ಕಾಕಿ ಮತ್ತು ಉಳಿದ ಹೆಂಗಸರು ಹತ್ತಲಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು ಮನೆಯಲ್ಲಿದ್ದರು, ಕಲ್ಲಿಗೆ ಸಂಜೆ ದೀಪ ಇಡಬೇಕಿತ್ತು. ಅವರು ರಸ್ತೆಯ ಅಂಚಿಗೆ ಬಂದು ಸಾಲಾಗಿ ನಿಂತರು. ಕಾಕಿ ಸೆರಗಿನಿಂದ ಬೆವರು ಒರೆಸಿಕೊಂಡು, ಯಾವ ಊರಿನ ಯಾವ ಮನೆಯ ಹೆಂಗಸಾದರೂ ಹೇಳುವ ಹಾಗೆ, ಹೇಳಿದಳು:

"ಹೋಗಿ ಬರ್ರಿ. ಲಗೂ ಬರ್ರಿ."

ಖಾಜಾ ಭಾಯಿ ಕೀಲಿ ತಿರುಗಿಸಿದವನು ಹಾಗೇ ಕೂತ. ಆ ಮಾತನ್ನು ನಮಗೆ ಯಾರೂ ಅಂದಿರಲಿಲ್ಲ. ಎಲ್ಲಿಗೆ ಹೋದರೂ ಎಲ್ಲರೂ ಕೂಡಿಯೇ ಹೋಗುತ್ತಿದ್ದೆವು, ಹಿಂದೆ ನಿಂತು ಅನ್ನುವವರು ಯಾರಿದ್ದರು? ಏನು ಹೇಳಬೇಕೆಂದು ಗೊತ್ತಿಲ್ಲದ ಹದಿನಾರು ಗಂಡಸರು ಕೆಂಪು ಕೋಟು ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾ ಕ್ಲಾರಿನೆಟ್ಟನ್ನು ತುಟಿಗೆ ಇಟ್ಟುಕೊಂಡ, ಉಸಿರು ಬರಲಿಲ್ಲ, ಇಳಿಸಿದ.

"ಬರ್ತೀವಿ" ಎಂದ.